ಅಪ್‌ಗ್ರೇಡ್ ಮಧ್ಯೆ ಕರೆಂಟ್ ಹೋದ ಉಬುಂಟು: ಪ್ರಶ್ನೋತ್ತರ

ಪ್ರಶ್ನೆ (ಶಿರಾ): ಡಿಟಿಪಿ ಅಂಗಡಿಯ ಕಂಪ್ಯೂಟರಿನ ಉಬುಂಟು 22.04 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಅಪ್‌ಗ್ರೇಡ್ ಆಗುತ್ತಿದ್ದಾಗ ಕರೆಂಟ್ ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಈಗ ಏನು ಹಾಕಲು ಹೋದರೂ ಡಿಪಿಕೆಜಿ (ಸಾಫ್ಟ್‌ವೇರ್ ಪ್ಯಾಕೇಜ್‌ಗಳನ್ನು ಹಾಕುವ-ತೆಗೆಯುವ ಪ್ರೋಗ್ರಾಂ) ಅರ್ಧಕ್ಕೆ ನಿಂತಿದೆ ಅನ್ನುತ್ತದೆ. ಲಿಬ್ರೆಆಫೀಸ್ ತೆರೆಯುತ್ತಿಲ್ಲ. ಲಾಕ್ ಫೈಲ್ ಅಳಿಸಿ ಅಂತ ಒಬ್ಬರು ಹೇಳಿದರು. ಅಳಿಸಲಾ, ಫಾರ್ಮ್ಯಾಟ್ ಹೊಡೆಯಲಾ?

ಉತ್ತರ (ತುಮಕೂರು, ಸಿಸ್ಟಮ್ ಅಡ್ಮಿನ್): ಎರಡೂ ಬೇಡ. ಒಂದು ಸಲಕ್ಕೆ ಒಬ್ಬರೇ ಡಿಪಿಕೆಜಿ ಬಳಸಲಿ ಅಂತ ಇರುವ ಲಾಕ್ ಫೈಲ್ ಯಾವಾಗಲೂ ಅಲ್ಲೇ ಇರುತ್ತದೆ. ಅದನ್ನು ಯಾವುದಾದರೂ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಹಿಡಿದಿದ್ದರೆ ಮಾತ್ರ ತಡೆ. ರೀಬೂಟ್ ಆದರೆ ಹಿಡಿತ ತಾನೇ ಬಿಡುತ್ತದೆ. ಆಮೇಲೂ ಲಾಕ್ ಅಂದರೆ ಹಿನ್ನೆಲೆಯಲ್ಲಿ ತಾನೇ ಅಪ್‌ಡೇಟ್ ಹಾಕುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಓಡುತ್ತಿರಬಹುದು, ಮುಗಿಯುವವರೆಗೆ ಕಾಯಿರಿ. ಆಗ ಫೈಲ್ ಅಳಿಸಿದರೆ ಎರಡು ಪ್ರೊಸೆಸ್ ಒಟ್ಟಿಗೆ ಡಿಪಿಕೆಜಿಯ ಡೇಟಾಬೇಸ್ ತಿದ್ದಲು ಹೋಗಿ, ಇರುವ ರಗಳೆ ದುಪ್ಪಟ್ಟಾಗುತ್ತದೆ.

ಮೊದಲು /ವಾರ್/ಲಿಬ್/ಡಿಪಿಕೆಜಿ ಫೋಲ್ಡರನ್ನು ಇನ್ನೊಂದೆಡೆ ನಕಲು ಮಾಡಿಡಿ. ನಂತರ (ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ):

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್

ಬಿಚ್ಚಿಟ್ಟು ಸೆಟಪ್ ಆಗದೆ ಉಳಿದ ಪ್ಯಾಕೇಜ್‌ಗಳನ್ನು ಮೊದಲನೆಯದು ಮುಗಿಸುತ್ತದೆ, ಎರಡನೆಯದು ಸಿಗದ ಡಿಪೆಂಡೆನ್ಸಿ (ಒಂದು ಪ್ಯಾಕೇಜ್ ಓಡಲು ಬೇಕಾದ ಇತರ ಪ್ಯಾಕೇಜ್) ತಂದು ಹಾಕುತ್ತದೆ. ಬಹುಪಾಲು ಕೇಸ್ ಇಲ್ಲಿಗೇ ಮುಗಿಯುತ್ತದೆ.

ಪ್ರಶ್ನೆ: ಮೊದಲನೆಯದೇ ನಿಂತಿತು. ಲಿಬ್ರೆಆಫೀಸ್-ಕಾಮನ್‌ನ ಫೈಲ್ ಪಟ್ಟಿಯ ಕೊನೆಯಲ್ಲಿ ನ್ಯೂಲೈನ್ (ಸಾಲು ಮುಗಿಸುವ ಗುರುತು) ಇಲ್ಲವಂತೆ.

ಉತ್ತರ: ಡಿಸ್ಕಿಗೆ ಪೂರ್ತಿ ಇಳಿಯುವ ಮುನ್ನ ಕರೆಂಟ್ ಹೋಗಿ ಆ ಪಟ್ಟಿ ತುಂಡಾಗಿದೆ. ಅದೇ ಫೋಲ್ಡರ್‌ನೊಳಗಿನ ಇನ್ಫೊದಲ್ಲಿ ಲಿಬ್ರೆಆಫೀಸ್-ಕಾಮನ್.ಲಿಸ್ಟ್ ಇದೆ. ಆ ಒಂದನ್ನು ಮಾತ್ರ ಬೇರೆ ಕಡೆ ಸರಿಸಿ, ಮೇಲಿನ ಎರಡನ್ನೂ ಮತ್ತೆ ಓಡಿಸಿ. ಪಟ್ಟಿ ಕಾಣೆ ಎಂಬ ಎಚ್ಚರಿಕೆ ಬರುತ್ತದೆ, ಬರಲಿ. ಕೊನೆಗೆ 'ಸುಡೊ ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್ ಲಿಬ್ರೆಆಫೀಸ್-ಕಾಮನ್' ಕೊಟ್ಟರೆ ಪಟ್ಟಿ ಹೊಸದಾಗಿ ಹುಟ್ಟುತ್ತದೆ. ಯಾವ ಪ್ಯಾಕೇಜ್ ಯಾವ ಸ್ಥಿತಿಯಲ್ಲಿದೆ ಎಂದು ಬರೆದಿಡುವ ಸ್ಟೇಟಸ್ ಫೈಲೇ ಹಾಳಾಗಿದ್ದರೆ ಪಕ್ಕದಲ್ಲೇ ಸ್ಟೇಟಸ್-ಓಲ್ಡ್ ಇರುತ್ತದೆ, ಅದಕ್ಕೂ ಹಳೆಯ ನಕಲು /ವಾರ್/ಬ್ಯಾಕಪ್ಸ್‌ನಲ್ಲಿ.

ಇನ್ನೊಬ್ಬರ ಪ್ರಶ್ನೆ (ಚಿಂತಾಮಣಿ): ನನ್ನ ಅಪ್‌ಗ್ರೇಡ್ ಕರ್ನಲ್ (ಸಿಸ್ಟಮ್‌ನ ಮೂಲ ಭಾಗ) ಹತ್ತಿರ ನಿಲ್ಲುತ್ತದೆ, ಜಾಗ ಇಲ್ಲ ಅನ್ನುತ್ತದೆ. ಡಿಸ್ಕ್ ಮುಕ್ಕಾಲು ಖಾಲಿ ಇದೆ!

ಉತ್ತರ: ಇಡೀ ಡಿಸ್ಕಲ್ಲ, ಅದರಲ್ಲಿ ಸಿಸ್ಟಮ್ ಶುರುವಾಗಲು ಬೇಕಾದ ಫೈಲ್‌ಗಳಿರುವ ಬೂಟ್ ಪಾರ್ಟಿಷನ್ ತುಂಬಿದೆ. 'ಡಿಎಫ್ -ಎಚ್ /ಬೂಟ್' ನೋಡಿ. ಹಳೇ ಕರ್ನಲ್‌ಗಳ ಇನಿಟ್‌ಆರ್‌ಡಿ ಫೈಲ್‌ಗಳು (ಬೂಟ್ ಆಗುವಾಗ ಕರ್ನಲ್ ಜೊತೆ ಲೋಡ್ ಆಗುವಂಥವು) ಅಲ್ಲಿ ಸೇರಿಕೊಂಡಿರುತ್ತವೆ. ಈ ಸ್ಥಿತಿಯಲ್ಲಿ ಬೇಡದ ಪ್ಯಾಕೇಜ್ ತೆಗೆಯುವ ಆಪ್ಟ್ ಆಟೋರಿಮೂವ್ ಕೂಡ ಮುಷ್ಕರ ಹೂಡುತ್ತದೆ, ನೇರ ಡಿಪಿಕೆಜಿ ಬೇಕು. 'ಯುನೇಮ್ -ಆರ್' ತೋರಿಸುವುದು ಈಗ ಓಡುತ್ತಿರುವ ಕರ್ನಲ್, ಅದರ ತಂಟೆಗೆ ಹೋಗಬೇಡಿ. ತೀರ ಹಳೆಯದೊಂದರ ಲಿನಕ್ಸ್-ಇಮೇಜ್ ಮತ್ತು ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ ಎರಡನ್ನೂ ಒಂದೇ ಸಾಲಿನಲ್ಲಿ 'ಸುಡೊ ಡಿಪಿಕೆಜಿ --ಪರ್ಜ್' ಗೆ ಕೊಡಿ. ಇಮೇಜ್ ಒಂದನ್ನೇ ಕೊಟ್ಟರೆ ಎಕ್ಸ್‌ಟ್ರಾ ಅಡ್ಡಬರುತ್ತದೆ. ಲಿನಕ್ಸ್-ಹೆಡರ್ಸ್ ಪ್ಯಾಕೇಜ್ ತೆಗೆದರೆ ಬೂಟ್‌ನಲ್ಲಿ ಒಂದು ಬೈಟ್ ಜಾಗವೂ ಸಿಗುವುದಿಲ್ಲ. ಜಾಗ ಆದಮೇಲೆ ಮೊದಲು ಶಿರಾದವರಿಗೆ ಹೇಳಿದ ಅದೇ ಎರಡು ಕಮಾಂಡ್. 'ಡಿಪಿಕೆಜಿ --ಆಡಿಟ್' ಏನೂ ಹೇಳದೆ ಸುಮ್ಮನಾದ ಮೇಲೆಯೇ ರೀಬೂಟ್ ಮಾಡಿ.