ಮುಸ್ಸಂಜೆಯಲ್ಲಿ ಗಾಡಿ ಓಡಿಸುವವರು ಏನು ಮಾಡ್ತೀರಿ?

ಪ್ರಶ್ನೆ: ಕೆಲಸ ಬಿಟ್ಟು ಬೈಕ್ ಹತ್ತುವಾಗ ಸರಿಯಾಗಿ ಹೊತ್ತು ಮುಳುಗುತ್ತಿರುತ್ತದೆ. ಪೂರ್ತಿ ಕತ್ತಲಾದ ಮೇಲೆ ಇಷ್ಟು ಕಷ್ಟವಿಲ್ಲ. ಈ ಹೊತ್ತಲ್ಲೇ ಜನ ದಿಢೀರನೆ ಎದುರು ಬಂದಂತಾಗುತ್ತದೆ. ನಿಮಗೂ ಹೀಗಾಗುತ್ತಾ?

ಒಬ್ಬರು: ಆಗುತ್ತದೆ. ನಾನೂ ದಿನಾ ಅದೇ ಹೊತ್ತಲ್ಲಿ ಓಡಿಸುವವನು. ಮೇಲೆ ಆಕಾಶ ಇನ್ನೂ ಬೆಳ್ಳಗಿರುತ್ತದೆ, ಕೆಳಗೆ ರಸ್ತೆ ಆಗಲೇ ಕಪ್ಪು. ಕಣ್ಣಿನಲ್ಲಿ ಹಗಲಿನ ಬೆಳಕಿಗೆ ಕೆಲಸ ಮಾಡುವ ಕೋನ್ ಕೋಶಗಳಿಗೆ ಆ ಬೆಳಕು ಸಾಲದು. ಕತ್ತಲಲ್ಲಿ ನೋಡುವ ರಾಡ್ ಕೋಶಗಳು ಪೂರ್ತಿ ಒಗ್ಗೋಕೆ 20–30 ನಿಮಿಷ ಬೇಕು. ನಡುವೆ ನಾವು ಅರೆಬರೆ ಕಣ್ಣಲ್ಲೇ ಹೋಗುತ್ತಿರುತ್ತೇವೆ. ಬಣ್ಣದ್ದೂ ಒಂದು ಸಮಸ್ಯೆ ಇದೆ. ಬೆಳಕು ಕಮ್ಮಿಯಾದಂತೆ ಎಲ್ಲಕ್ಕಿಂತ ಮೊದಲು ಕೆಂಪು ಕಪ್ಪಾಗುತ್ತದೆ. ಇದನ್ನು ಗಮನಿಸಿ ಬರೆದಿಟ್ಟವರು ಚೆಕ್ ವಿಜ್ಞಾನಿ ಪುರ್ಕಿನ್ಯೆ, 1800ರ ದಶಕದ ಶುರುವಿನಲ್ಲೇ. ಹಗಲಲ್ಲಿ ದೂರದಿಂದಲೇ ಎದ್ದು ಕಾಣುವ ಕೆಂಪು ಅಂಗಿ ಆ ಹೊತ್ತಿಗೆ ಟಾರಿನ ಜೊತೆ ಕಲೆತುಹೋಗುತ್ತದೆ. 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗಿರುತ್ತೀರಿ. ಹಾಗಾಗಿ ನಾನು ಕತ್ತಲಾಗುವ ತನಕ ಕಾಯದೆ, ಬೆಳಕಿರುವಾಗಲೇ ವೇಗ ಇಳಿಸುತ್ತೇನೆ.

ಇನ್ನೊಬ್ಬರು: ಹೆಲ್ಮೆಟ್ಟಿನ ವೈಸರ್ ನೋಡಿಕೊಳ್ಳಿ. ಗೀರು ಬಿದ್ದಿದ್ದರೆ ಎದುರಿನ ಲೈಟು ಅದರಲ್ಲೆಲ್ಲ ಚದುರುತ್ತದೆ. ಕಪ್ಪು ವೈಸರ್ ಆದರೆ ಸಂಜೆಗೆ ಬೇಡವೇ ಬೇಡ.

ಮತ್ತೊಬ್ಬರು: ಹೆಡ್‌ಲೈಟ್ ಬೇಗ ಹಾಕಿ ಅನ್ನುವುದು ನನ್ನ ಮಾತು. ಆ ಹೊತ್ತಲ್ಲಿ ಹಾಕಿದರೂ ರಸ್ತೆ ಹೆಚ್ಚೇನೂ ಬೆಳಗುವುದಿಲ್ಲ, ಅದಕ್ಕೇ ಎಷ್ಟೋ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಆದರೆ ಬೇರೆಯವರಿಗೆ ನಾವು ಕಾಣಬೇಕಲ್ವಾ? ಕಾರಿನವರಿಗೆ ಇದನ್ನು ಒತ್ತಿ ಹೇಳುತ್ತೇನೆ: ಹಗಲು ಉರಿಯುವ ಮುಂದಿನ ಲೈಟು, ಬೆಳಗುತ್ತಿರುವ ಡ್ಯಾಶ್‌ಬೋರ್ಡ್ ನೋಡಿ ಎಲ್ಲಾ ಆನ್ ಆಗಿದೆ ಅಂದುಕೊಳ್ಳಬೇಡಿ. ಎಷ್ಟೋ ಕಾರುಗಳಲ್ಲಿ ಆಗ ಹಿಂದಿನ ಲೈಟು ಉರಿಯುತ್ತಿರುವುದಿಲ್ಲ. ಒಮ್ಮೆ ಇಳಿದು ನೋಡಿ.

ಮಗದೊಬ್ಬರು: ನನಗೆ ನಡೆಯುವವರದ್ದೇ ಚಿಂತೆ ಜಾಸ್ತಿ. ಅವರಿಗೆ ಗಾಡಿಯ ಲೈಟು ದೂರದಿಂದಲೇ ಕಾಣುತ್ತದೆ, ಹಾಗಾಗಿ ಡ್ರೈವರಿಗೂ ತಾವು ಕಾಣುತ್ತೇವೆ ಅಂದುಕೊಳ್ಳುತ್ತಾರೆ. ಅವನಿಗೆ ಕಂಡಿರುವುದೇ ಇಲ್ಲ. ವಯಸ್ಸಾದ ಡ್ರೈವರಾದರೆ ಇನ್ನೂ ಕಷ್ಟ. ನಮ್ಮ ಮನೆಯವರು ಸಂಜೆ ವಾಕಿಂಗ್ ಹೋಗುವಾಗ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯನ್ನು ಕಾಲಿನ ಗಿಣ್ಣಿಗೆ ಕಟ್ಟಿಕೊಳ್ಳುತ್ತಾರೆ. ಎದೆಯ ಮೇಲಿನ ಪಟ್ಟಿ ಕಂಬವೋ ಬೋರ್ಡೋ ಅನ್ನಿಸಬಹುದು. ಕಾಲಲ್ಲಿದ್ದರೆ ಹೆಜ್ಜೆ ಹಾಕಿದ ಹಾಗೆ ಅಲುಗಾಡುತ್ತದೆ, ಮನುಷ್ಯ ಅಂತ ತಕ್ಷಣ ಗೊತ್ತಾಗುತ್ತದೆ.