ಪದ ಬೇಕಾಗಿದೆ: ಮರಳುಹೊಳೆಯಲ್ಲಿ ರಾಶಿಯಾಗುವ ಎಲೆ, ಕಡ್ಡಿ, ಕಟ್ಟಿಗೆ

ಫಲಕದವಳು:
ಎಲ್ಲರಿಗೂ ನಮಸ್ಕಾರ. ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಒಂದು ಫಲಕ ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ವಿಷಯ ಆಫ್ರಿಕಾದ ನಮೀಬಿಯಾ ದೇಶದ ಮರುಭೂಮಿಯಲ್ಲಿರುವ ಕುಯ್ಸೆಬ್ ನದಿ. ವರ್ಷದ ಬಹುಪಾಲು ಅದು ಬರೀ ಮರಳು. ಮೇಲೆ ಖೋಮಾಸ್ ಗುಡ್ಡಗಳಲ್ಲಿ ಮಳೆಯಾದರೆ ಮಾತ್ರ ನೀರು. ಆಗ ಎಲೆ, ಕಾಯಿ, ಕೊಂಬೆ ಎಲ್ಲಾ ಕೊಚ್ಚಿಕೊಂಡು ಬಂದು ಅಲ್ಲಲ್ಲಿ ರಾಶಿ ಬೀಳುತ್ತವೆ. ಚಿತ್ರದಲ್ಲಿ ಒಂದು ಮರದ ಬುಡಕ್ಕೆ ಎದೆಮಟ್ಟ ಕಟ್ಟಿಗೆ ಸಿಕ್ಕಿಕೊಂಡಿದೆ. ಕರಡಿನಲ್ಲಿ "ಸಸ್ಯಾವಶೇಷ ಸಂಚಯನ" ಅಂತಿದೆ. ಐದನೇ ಕ್ಲಾಸಿನ ಮಕ್ಕಳು ಓದಬೇಕು. ದಯವಿಟ್ಟು ಒಂದು ಪದ ಕೊಡಿ.

ಹಳೇಮೇಷ್ಟ್ರು:
ಸಸ್ಯಾವಶೇಷದಲ್ಲಿ ತಪ್ಪೇನಿದೆ? ಅವಶೇಷ ಎಂದರೆ ಉಳಿದದ್ದು. ಮಕ್ಕಳು ಕಲಿಯಲಿ ಬಿಡಿ.

ಅಚ್ಚಗನ್ನಡ:
ಅವಶೇಷ ಅಂದರೆ ಮಕ್ಕಳಿಗೆ ಹಂಪಿ ನೆನಪಾಗುತ್ತದೆ. "ಕಸ" ಸಾಕು. ಹಳಗನ್ನಡದಲ್ಲಿ "ಕಸವರ" ಅಂದರೆ ಚಿನ್ನ. ಕಸದಿಂದಲೇ ಕಸವರ. ಆ ಹೊಳೆಗೂ ಕಸವೇ ಬಂಗಾರ ಅಲ್ವಾ?

ಹಳೇಮೇಷ್ಟ್ರು:
ಎರಡಕ್ಕೂ ಸಂಬಂಧವಿಲ್ಲ. ಉಚ್ಚಾರ ಹೊಂದಿತು ಅಂತ ಗಂಟು ಹಾಕಬೇಡಿ.

ಹೊಳೆಸಾಲು:
ಪದ ಆಮೇಲೆ. ಮೊದಲು ಅಲ್ಲಿ ಆಗುವುದೇನು ಅಂತ ನೋಡೋಣ. ನೀವೆಲ್ಲಾ ಒಂದು ಪದಕ್ಕೆ ಜಗಳ ಆಡುತ್ತಿದ್ದೀರಿ, ಅಲ್ಲಿರುವುದು ಎರಡು ಬಗೆಯ ರಾಶಿ.

ಒಂದು, ಬಿದ್ದಲ್ಲೇ ಬಿದ್ದಿರುವುದು. ನೀರು ಹರಿಯುವ ಹೊಳೆಯಾದರೆ ಎಲೆ ಉದುರಿದ ಕೂಡಲೇ ತೇಲಿ ಹೋಗುತ್ತದೆ. ಕುಯ್ಸೆಬ್ ಪಾತ್ರದಲ್ಲಿ ಒಯ್ಯುವವರಿಲ್ಲ. ತಿಂಗಳುಗಟ್ಟಲೆ ಮರದಡಿಯೇ ಸೇರುತ್ತಾ ಹೋಗುತ್ತದೆ. ಅಲ್ಲಿನ ಆನಾ ಮರಕ್ಕೆ ಕಿತ್ತಳೆ ಬಣ್ಣದ, ಸುರುಳಿ ಸುತ್ತಿದ ಕಾಯಿ. ಅವೂ ರಾಶಿ ಉದುರುತ್ತವೆ. ಆ ದಡದಲ್ಲೇ ವಾಸವಿರುವ ಟೋಪ್ನಾರ್ ಜನರ ಮೇಕೆಗಳು ತಿಂದು ಮಿಕ್ಕಿದ್ದು ಅಲ್ಲೇ ಉಳಿಯುತ್ತದೆ. ಹೊಳೆದಡದ ಗೋಬಬೆಬ್ ಸಂಶೋಧನಾ ಕೇಂದ್ರದ ಹತ್ತಿರ ವರ್ಷಕ್ಕೆ 25 ಮಿ.ಮೀ. ಮಳೆ ಬಂದರೂ ಹೆಚ್ಚು. ಪಸೆಯೇ ಇಲ್ಲದಿದ್ದರೆ ಕೊಳೆಯುವುದು ಹೇಗೆ? ಇದಕ್ಕೆ "ತರಗು" ಅನ್ನಿ. ಮಲೆನಾಡಿನ ಮಗುವಿಗೂ ಗೊತ್ತು.

ಇನ್ನೊಂದು, ಹೊಳೆ ಬಂದು ಒಟ್ಟಿ ಹೋಗುವುದು. ನಮ್ಮ ಬಯಲುಸೀಮೆಯಲ್ಲಿ "ಹಳ್ಳ ಬಂತು" ಅಂತೀವಲ್ಲ, ಅದೇ. ಬೇರೆ ನದಿ ಕೆಳಗೆ ಹೋದಷ್ಟೂ ದೊಡ್ಡದಾಗುತ್ತದೆ. ಇದು ಉಲ್ಟಾ. ನೀರು ದಾರಿಯುದ್ದಕ್ಕೂ ಮರಳಿಗೆ ಇಂಗುತ್ತದೆ, ಕಡಲು ಮುಟ್ಟುವುದೇ ಅಪರೂಪ. ಶಕ್ತಿ ಕುಂದಿದಂತೆ ಹೊತ್ತದ್ದನ್ನೆಲ್ಲ ಇಳಿಸುತ್ತದೆ. ದಪ್ಪ ದಿಮ್ಮಿ ಪಾತ್ರದ ನಡುವೆ ನಿಂತ ಮರಕ್ಕೆ ಅಡ್ಡ ಬೀಳುತ್ತದೆ. ಅದಕ್ಕೆ ಕೊಂಬೆ, ಕೊಂಬೆಗೆ ಕಡ್ಡಿ, ಕಡ್ಡಿಗೆ ಎಲೆ ಸಿಗುತ್ತವೆ. ಅದರ ಮರೆಯಲ್ಲಿ ಗೋಡು ನಿಲ್ಲುತ್ತದೆ, ಒಣಗಿದ ಮೇಲೆ ಹಪ್ಪಳದ ಹಾಗೆ ಬಿರಿದು ಅಂಚು ಮೇಲಕ್ಕೆ ಮಡಚುತ್ತದೆ. ಅಡಿಯಲ್ಲಿ ಸ್ವಲ್ಪ ತಂಪು ಉಳಿಯುವುದರಿಂದ ಬೀಜ ಮೊಳೆಯುವುದೂ ಹುಳುಹುಪ್ಪಟೆ ಸೇರುವುದೂ ಅಲ್ಲೇ. ಇದು ತರಗಲ್ಲ. ಇದಕ್ಕೆ "ಹೊಳೆಗಸ" ಅನ್ನಬಹುದು.

ಎರಡಕ್ಕೂ ಬರೀ "ಕಸ" ಅಂದರೆ ಮಕ್ಕಳು ಪ್ಲಾಸ್ಟಿಕ್ ಹುಡುಕುತ್ತಾರೆ.

ಹಳೇಮೇಷ್ಟ್ರು:
ಹೊಳೆಗಸ! ಮನೆಗಸ, ಬೀದಿಗಸ, ಈಗ ಇದೊಂದು.

ಅಚ್ಚಗನ್ನಡ:
ಸಂಧಿ ಸರಿಯಾಗಿದೆ. ತಕರಾರಿದ್ದರೆ ಸೂತ್ರ ಹೇಳಿ.

ದೂರದೇಶಿ:
ನಾನು ಮಸ್ಕತ್‌ನಲ್ಲಿ ಇರುವುದು. ಇಲ್ಲಿ ಒಣ ಹೊಳೆಗೆ "ವಾದಿ" ಅಂತಾರೆ. ಅದನ್ನೇ ತಗೊಳ್ಳಿ, ತಾಪತ್ರಯ ಮುಗಿಯಿತು. ಕುರ್ಚಿ, ಅರ್ಜಿ, ಜಮೀನು ತಗೊಂಡಿಲ್ವಾ?

ಹಳೇಮೇಷ್ಟ್ರು:
ಕನ್ನಡದಲ್ಲಿ ವಾದಿ ಅಂದರೆ ಕೇಸು ಹಾಕಿದವನು. "ವಾದಿಯಲ್ಲಿ ಕಸ ತುಂಬಿದೆ" ಅಂತ ಫಲಕ ಬರೆದರೆ ಪ್ರತಿವಾದಿಗೆ ಖುಷಿ.

ಹೊಳೆಸಾಲು:
ನಮೀಬಿಯಾದಲ್ಲಿ ಅರಬ್ಬಿ ಪದ ಯಾಕೆ ಸ್ವಾಮಿ? ಅಲ್ಲಿಯವರೂ ನಮ್ಮ ಹಾಗೇ "ಹೊಳೆ ಇಳಿದು ಬಂತು" ಅಂತಾರೆ. ಹತ್ತಿರದ ಮಾತು ಮನೆಯಲ್ಲೇ ಇರುವಾಗ ಸಾಲ ಯಾಕೆ?

ದೂರದೇಶಿ:
ಸಾಲ ಅನ್ನುವವರು ಮೊದಲು "ಪ್ರಿಂಟ್" ಬಿಡಲಿ. ಮೊದಲ ಮೇಲ್‌ನಲ್ಲೇ ಇದೆ.

ಅಚ್ಚಗನ್ನಡ:
ಅಚ್ಚು. ಎರಡೇ ಅಕ್ಷರ. ಇನ್ನು "ಮರುಭೂಮಿ" ಕೂಡ ತೆಗೆಯಿರಿ. ಅದರಲ್ಲಿರುವುದು ಸಂಸ್ಕೃತದ ಮರು, ನಮ್ಮ ಮರಳಲ್ಲ. "ಮರಳುಗಾಡು" ಹಾಕಿ.

ಹೊಳೆಸಾಲು:
ಇಲ್ಲಿ ಹೊಂದುವುದಿಲ್ಲ. ಗೋಬಬೆಬ್ ಹತ್ತಿರ ಕುಯ್ಸೆಬ್‌ನ ದಕ್ಷಿಣ ದಡದಲ್ಲಿ ಮರಳು ದಿಬ್ಬ, ಉತ್ತರ ದಡದಲ್ಲಿ ಜಲ್ಲಿಕಲ್ಲಿನ ಬಯಲು. ಗಾಳಿ ದಿಬ್ಬಗಳನ್ನು ಉತ್ತರಕ್ಕೆ ತಳ್ಳುತ್ತದೆ, ಆಗಾಗ ಬರುವ ಹೊಳೆ ಆ ಮರಳನ್ನು ಕೊಚ್ಚಿ ಹಾಕುತ್ತದೆ. ಉತ್ತರ ದಡದ ಫೋಟೋ ಕೆಳಗೆ "ಮರಳುಗಾಡು" ಅಂತ ಬರೆದರೆ ಮಕ್ಕಳು ಮರಳೆಲ್ಲಿ ಅಂತ ಕೇಳುತ್ತಾರೆ. ನಾನೂ ಅಚ್ಚಗನ್ನಡದ ಪರವೇ, ಆದರೆ ನೆಲ ನೋಡಿ ಪದ ಹಾಕಬೇಕು.

ಫಲಕದವಳು:
ಥ್ಯಾಂಕ್ಸ್ ಎಲ್ಲರಿಗೂ. ಹೀಗೆ ಕಳಿಸಿದೆ: "ಮರುಭೂಮಿಯ ಈ ಹೊಳೆಯಲ್ಲಿ ನೀರು ಬರುವ ತನಕ ತರಗು ಬಿದ್ದಲ್ಲೇ ಇರುತ್ತದೆ. ಹೊಳೆ ಬಂದಾಗ ಅದೂ ಕಟ್ಟಿಗೆಯೂ ಸೇರಿ ಮರಗಳ ಬುಡದಲ್ಲಿ ಹೊಳೆಗಸವಾಗಿ ನಿಲ್ಲುತ್ತವೆ." ಸಹಾಯ ಮಾಡಿದವರ ಹೆಸರು ಕೆಳಗೆ ಹಾಕಬಹುದಂತೆ. ಹಾಕಲಾ?

ಅಚ್ಚಗನ್ನಡ:
ಮರುಭೂಮಿ ಇರುವ ಫಲಕದಲ್ಲಿ ನನ್ನ ಹೆಸರು ಬೇಡ.

ಹಳೇಮೇಷ್ಟ್ರು:
ಹೊಳೆಗಸ ಇರುವುದರಲ್ಲಿ ನನ್ನದೂ ಬೇಡ.