ಮೆಕ್ಯಾನಿಕ್‌ಗೆ ಕೇಳಿ: ಗೇರ್‌ಬಾಕ್ಸ್ ಬದಲಾಯಿಸಿದ ಹಳೇ ಆಕ್ಟೇವಿಯಾ ಆರ್‌ಎಸ್ ಕೊಳ್ಳಬಹುದಾ?

ಚೇತನ್, ಮೈಸೂರು: ಬಾಬಣ್ಣ, ನಮಸ್ಕಾರ. 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ನೋಡಿ ಬಂದೆ. 1.8 ಟರ್ಬೊ ಪೆಟ್ರೋಲ್, ಐದು ಗೇರಿನ ಮ್ಯಾನುಯಲ್. "ಗೇರ್‌ಬಾಕ್ಸ್ ಹೊಸದು ಹಾಕಿಸಿದ್ದೇನೆ, ಇನ್ನು ಚಿಂತೆಯೇ ಇಲ್ಲ" ಅನ್ನುತ್ತಾರೆ ಓನರ್. ಬಿಲ್ ಕೇಳಿದರೆ ಹುಡುಕಬೇಕು ಅಂದರು. ಗೇರ್ ಸಲೀಸಾಗಿ ಬೀಳುತ್ತದೆ. ಹೈವೇಯಲ್ಲಿ ಸದ್ದೇ ಇಲ್ಲ. ಆದರೆ ಪಿಕಪ್ ಯಾಕೋ ಮಂದ. ಟರ್ಬೊ ಹೋಗಿದೆಯಾ?

ಬಾಬಣ್ಣ (ಗ್ಯಾರೇಜ್, ಬೆಂಗಳೂರು): ಐದನೇ ಗೇರಿನಲ್ಲಿ 100 ಕಿ.ಮೀ. ವೇಗಕ್ಕೆ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಎಷ್ಟಿತ್ತು?

ಚೇತನ್: ಪಕ್ಕದಲ್ಲಿದ್ದ ಫ್ರೆಂಡ್ ವಿಡಿಯೊ ಮಾಡಿದ್ದಾನೆ. 2200ರ ಹತ್ತಿರ.

ಬಾಬಣ್ಣ: ಹಾಗಾದರೆ ಟರ್ಬೊ ಆಮೇಲೆ ನೋಡೋಣ. ನನಗೆ ಅನುಮಾನ ಬಾಕ್ಸ್ ಮೇಲೆಯೇ.

ಆರ್‌ಎಸ್‌ನಲ್ಲಿರುವುದು 02ಜೆ ಅನ್ನುವ ಗೇರ್‌ಬಾಕ್ಸ್. 1.9 ಟಿಡಿಐ ಡೀಸೆಲ್ ಆಕ್ಟೇವಿಯಾದಲ್ಲೂ ಅದೇ ಕುಟುಂಬದ ಬಾಕ್ಸ್ ಇದೆ. ಹೊರಗಿನಿಂದ ಅಣ್ಣತಮ್ಮಂದಿರು, ಒಳಗೆ ಹಲ್ಲಿನ ಲೆಕ್ಕ ಬೇರೆ. ಡೀಸೆಲ್ ಎಂಜಿನ್ ಕಡಿಮೆ ಆರ್‌ಪಿಎಂನಲ್ಲೇ ಎಳೆಯುತ್ತದೆ, ಅದಕ್ಕೆ ಉದ್ದ ಗೇರ್ (ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತುವುದು) ಸಾಕು. ಪೆಟ್ರೋಲ್ ಟರ್ಬೊಗೆ ಗಿಡ್ಡ ಗೇರ್ (ಎಂಜಿನ್ ಹೆಚ್ಚು ಸುತ್ತುವುದು) ಬೇಕು. ಸರಿಯಾದ ಬಾಕ್ಸ್ ಇದ್ದರೆ ನೀವು ಹೇಳಿದ ವೇಗಕ್ಕೆ 2800ರ ಆಸುಪಾಸು ತೋರಿಸಬೇಕು. 2200 ಅಂದರೆ ಗುಜರಿಯಿಂದ ತಂದ ಡೀಸೆಲ್ ಬಾಕ್ಸ್ ಇರಬಹುದು, ಪಿಕಪ್ ಮಂದ ಆಗಿರುವುದೂ ಅದಕ್ಕೇ ಇರಬೇಕು. ಡೀಸೆಲ್ ಆಕ್ಟೇವಿಯಾ ಬೇಕಾದಷ್ಟು ಗುಜರಿಗೆ ಬಂದಿವೆ, ಆರ್‌ಎಸ್ ಎಲ್ಲಿ ಸಿಗುತ್ತದೆ? ಸ್ಪೀಡೊಮೀಟರ್ ನೋಡಿದರೆ ಗೊತ್ತಾಗುವುದಿಲ್ಲ. ಸೆನ್ಸರ್ ಡಿಫರೆನ್ಶಿಯಲ್ (ಎರಡು ಚಕ್ರಕ್ಕೆ ಶಕ್ತಿ ಹಂಚುವ ಭಾಗ) ಕಡೆ ಇರುವುದರಿಂದ ಅದು ಸರಿಯಾಗಿಯೇ ತೋರಿಸುತ್ತದೆ.

ಬಾಕ್ಸ್ ಮೈಮೇಲೆ ಮೂರು ಅಕ್ಷರದ ಕೋಡ್ ಒತ್ತಿರುತ್ತಾರೆ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗದಲ್ಲಿ ಒಂದು ಬಿಳಿ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಕಂಪನಿಯಿಂದ ಬಂದ ಎಂಜಿನ್ ಕೋಡ್, ಗೇರ್‌ಬಾಕ್ಸ್ ಕೋಡ್ ಎರಡೂ ಇವೆ. ಬಾಕ್ಸ್ ಮೇಲಿನ ಕೋಡನ್ನು ಸ್ಟಿಕ್ಕರ್‌ನ ಗೇರ್‌ಬಾಕ್ಸ್ ಕೋಡ್ ಜೊತೆ ಹೋಲಿಸಿ. ಆರ್‌ಸಿಯಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್ ಮಾತ್ರ ಇರುತ್ತದೆ. ಗೇರ್‌ಬಾಕ್ಸ್ ಯಾವುದು ಹಾಕಿದರೂ ಆರ್‌ಟಿಒದಲ್ಲಿ ಯಾರೂ ಕೇಳುವುದಿಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ: ಮೊದಲಿನ ಬಾಕ್ಸ್ ಯಾಕೆ ಹೋಯಿತು? ಈ ಬಾಕ್ಸ್‌ನಲ್ಲಿ ಡಿಫರೆನ್ಶಿಯಲ್‌ಗೆ ಕ್ರೌನ್ ವೀಲ್ ಅನ್ನುವ ದೊಡ್ಡ ಹಲ್ಲುಚಕ್ರವನ್ನು ರಿವೆಟ್ ಹೊಡೆದು ಕೂರಿಸಿದ್ದಾರೆ. ಸಿಗ್ನಲ್‌ನಲ್ಲಿ ಕ್ಲಚ್ ಎಗರಿಸಿ ಒಂದೇ ಚಕ್ರ ಸುತ್ತಿಸುವ ಹುಡುಗರ ಕೈಗೆ ಸಿಕ್ಕರೆ ರಿವೆಟ್ ತಲೆ ಕಿತ್ತು ಬರುತ್ತದೆ. ಆ ಚೂರು ಒಳಗಿನಿಂದ ಹೌಸಿಂಗ್ ತೂತು ಮಾಡುತ್ತದೆ. ಆಯಿಲ್ ಪೂರ್ತಿ ರಸ್ತೆಗೆ. ಬಾಕ್ಸ್ ಜಾಮ್ ಆದರೆ ಮುಂದಿನ ಚಕ್ರವೇ ಲಾಕ್ ಆಗಬಹುದು, 100ರಲ್ಲಿ ಅದು ತಮಾಷೆ ಅಲ್ಲ. ಗುಜರಿ ಬಾಕ್ಸ್‌ನಲ್ಲೂ ಅದೇ ಹಳೇ ರಿವೆಟ್. ಕೆಲಸ ಗೊತ್ತಿರುವವರು ಬಾಕ್ಸ್ ಬಿಚ್ಚಿದಾಗಲೇ ರಿವೆಟ್ ಕೊರೆದು ತೆಗೆದು ಬೋಲ್ಟ್ ಹಾಕುತ್ತಾರೆ. ಹಾಕಿದ್ದಾರಾ ಕೇಳಿ. ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ.

ಮಂಜು, ಹಾಸನ: ಅಣ್ಣ, ನಾನು ನೋಡಿದ ಕಾರಿಗೂ ಗೇರ್‌ಬಾಕ್ಸ್ ಬದಲಾಗಿದೆ. ತಗೋಬಹುದಾ?

ಬಾಬಣ್ಣ: ಯಾವ ಕಾರು?

ಶಿಲ್ಪಾ, ಹುಬ್ಬಳ್ಳಿ: ಸರ್, ನಾನು ನೋಡಿದ ಕಾರಿನಲ್ಲಿ ನ್ಯೂಟ್ರಲ್‌ನಲ್ಲಿ ಗುಂಯ್ ಅಂತ ಸದ್ದು. ಕ್ಲಚ್ ಒತ್ತಿದರೆ ನಿಲ್ಲುತ್ತದೆ. ಕ್ಲಚ್ ಪ್ಲೇಟ್ ಅಷ್ಟೇ ಅಂತಾರೆ.

ಬಾಬಣ್ಣ: ಅಲ್ಲ ಮೇಡಂ. ಒತ್ತಿದಾಗ ನಿಂತರೆ ಇನ್‌ಪುಟ್ ಶಾಫ್ಟ್ ಬೇರಿಂಗ್, ಅಂದರೆ ಬಾಕ್ಸ್ ಇಳಿಸಿ ಬಿಚ್ಚುವ ಕೆಲಸ. ಒತ್ತಿದಾಗ ಸದ್ದು ಶುರುವಾದರೆ ರಿಲೀಸ್ ಬೇರಿಂಗ್. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಹೋಗಿ, ಬಾನೆಟ್ ಮುಟ್ಟಿ ನೋಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ವಾಪಸ್ ಬನ್ನಿ. ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ ಅಂದರೆ ಸಿಂಕ್ರೊ (ಗೇರ್ ಬೀಳುವ ಮೊದಲು ವೇಗ ಹೊಂದಿಸುವ ರಿಂಗ್) ಹೋಗಿದೆ. ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನೇ ಹೊರಗೆ ಹಾರಿದರೆ ಆ ಕಾರು ಬೇಡ.

ಗಣೇಶ್, ದಾವಣಗೆರೆ: ಫಾರ್ವರ್ಡ್ ಬಂದಿತ್ತು. ಗೇರ್‌ಬಾಕ್ಸ್ ಸದ್ದು ಮಾಡಿದರೆ ಆಯಿಲ್‌ಗೆ ಮರದ ಪುಡಿ ಹಾಕಿದರೆ ಸಾಕಂತೆ. ಕ್ಲಚ್ ಆಯಿಲ್ ಕಮ್ಮಿ ಆದರೆ ಎಂಜಿನ್ ಆಯಿಲ್ ಟಾಪ್‌ಅಪ್ ಮಾಡಬಹುದಂತೆ.

ಬಾಬಣ್ಣ: ಮರದ ಪುಡಿ ಹಾಕುವುದು ಕಾರು ಮಾರುವವರ ಉಪಾಯ. ಸದ್ದು ಒಂದು ವಾರ ಅಡಗುತ್ತದೆ, ಅಷ್ಟರಲ್ಲಿ ಕಾರು ನಿಮ್ಮದಾಗಿರುತ್ತದೆ. ಎರಡನೆಯದು ಜೀವಕ್ಕೇ ಅಪಾಯ. ಆಕ್ಟೇವಿಯಾದಲ್ಲಿ ಕ್ಲಚ್‌ಗೂ ಬ್ರೇಕ್‌ಗೂ ಒಂದೇ ಡಬ್ಬಿಯಿಂದ ಬ್ರೇಕ್ ಫ್ಲೂಯಿಡ್ ಹೋಗುತ್ತದೆ. ಎಂಜಿನ್ ಆಯಿಲ್ ಬಿದ್ದರೆ ರಬ್ಬರ್ ಸೀಲ್‌ಗಳು ಊದಿಕೊಂಡು ಬ್ರೇಕೇ ಹೋಗುತ್ತದೆ. ದಯವಿಟ್ಟು ಅಳಿಸಿ.

ಗಣೇಶ್: ನಾನು ಬರೆದಿದ್ದಲ್ಲ ಸರ್, ಬಂದಿದ್ದನ್ನು ಹಾಕಿದೆ.

ಬಾಬಣ್ಣ: ಯಾರು ಬರೆದರೇನು? ಅಳಿಸಿ ಅಂದೆ.

ಇಮ್ರಾನ್, ಕಲಬುರಗಿ: ದೆಹಲಿಯಿಂದ ತರಿಸಿ ಚೇತನ್. ಅಲ್ಲಿ ಪೆಟ್ರೋಲ್ ಕಾರಿಗೆ 15 ವರ್ಷ ಆಯಿತು ಅಂದರೆ ಅರ್ಧ ಬೆಲೆ.

ಪ್ರಶಾಂತ್, ಮಂಗಳೂರು: ಎನ್‌ಒಸಿ, ಇಲ್ಲಿಯ ಟ್ಯಾಕ್ಸ್, ಮತ್ತೆ ರಿಜಿಸ್ಟ್ರೇಷನ್. ಅರ್ಧ ಬೆಲೆ ಎಲ್ಲಿ ಉಳಿಯಿತು ಸ್ವಾಮಿ?

ಇಮ್ರಾನ್: ನಿಮ್ಮೂರಿನ ಕಾರಿಗಿಂತ ವಾಸಿ. ಸಮುದ್ರದ ಗಾಳಿಗೆ ತುಕ್ಕು ತಿಂದಿರುತ್ತದೆ.

ಪ್ರಶಾಂತ್: ನನ್ನ ಕಾರಿನ ಅಡಿ ಬಂದು ನೋಡಿ, ಆಮೇಲೆ ಮಾತಾಡಿ. ನೋಡದೆ ಫೋಟೋ ಮೇಲೆ ದುಡ್ಡು ಕಳಿಸಿದ್ದು ಯಾರು ಅಂತ ಗ್ರೂಪಿಗೆಲ್ಲ ಗೊತ್ತು.

ಇಮ್ರಾನ್: ವೈಯಕ್ತಿಕ ಬೇಡ.

ಪ್ರಶಾಂತ್: ಊರಿನ ಮಾತು ತೆಗೆದಿದ್ದು ಯಾರು ಮೊದಲು?

ಬಾಬಣ್ಣ: ಇಬ್ಬರೂ ಬೇರೆ ಕಡೆ ಜಗಳ ಆಡಿ. ಚೇತನ್, ಆರ್‌ಸಿ ನವೀಕರಣ ಆಗಿದೆಯಾ ನೋಡಿ. 15 ವರ್ಷದ ನಂತರ ಐದೈದು ವರ್ಷಕ್ಕೆ ಮಾಡಿಸಬೇಕು. 20 ದಾಟಿದ ಕಾರಿಗೆ ಆ ಶುಲ್ಕವೇ 10,000 ರೂಪಾಯಿ.

ಮಂಜು, ಹಾಸನ: ಅಣ್ಣ, ಸ್ಕೋಡಾ ಲಾರಾ ಆರ್‌ಎಸ್. ತಗೋಬಹುದಾ?

ವಿನಯ್, ತುಮಕೂರು: ಈ ಆಕ್ಟೇವಿಯಾಗೆ ಗೇರ್ ಆಯಿಲ್ ಯಾವುದು? ಜಿಎಲ್-4, ಜಿಎಲ್-5 ಅಂತ ದರ್ಜೆ ಇವೆಯಲ್ಲ, ಜಿಎಲ್-5 ದೊಡ್ಡ ನಂಬರ್, ಅದೇ ಒಳ್ಳೆಯದು ಅಲ್ವಾ?

ಬಾಬಣ್ಣ: ನಂಬರ್ ದೊಡ್ಡದಾದರೆ ಒಳ್ಳೆಯದು ಅಂತಲ್ಲ. ಜಿಎಲ್-4, 75ಡಬ್ಲ್ಯೂ-90, ಸುಮಾರು ಎರಡು ಲೀಟರ್. ಜಿಎಲ್-5ರ ಗಂಧಕದ ಅಡಿಟಿವ್ ಹಿತ್ತಾಳೆಯ ಸಿಂಕ್ರೊ ರಿಂಗ್‌ಗೆ ಆಗುವುದಿಲ್ಲ.

ವಿನಯ್: ನಮ್ಮ ಕಡೆ ಎಲ್ಲರೂ ಜಿಎಲ್-5 ಹಾಕುತ್ತಾರೆ, ಏನೂ ಆಗಿಲ್ಲ.

ಬಾಬಣ್ಣ: ಹಾಗಾದರೆ ಕೇಳಿದ್ದೇಕೆ?

ಚೇತನ್: ಅಣ್ಣ, ನೋಡಿಕೊಂಡು ಬಂದೆ. ಡಿಕ್ಕಿಯ ಸ್ಟಿಕ್ಕರ್‌ನಲ್ಲಿ ಒಂದು ಕೋಡ್, ಬಾಕ್ಸ್ ಮೇಲೆ ಬೇರೆ ಕೋಡ್. ಓನರ್ ಬಿಲ್ ಅಂತ ಒಂದು ಚೀಟಿ ಕಳಿಸಿದ್ದಾರೆ. "ಗೇರ್‌ಬಾಕ್ಸ್ 1" ಅಂತಷ್ಟೇ ಇದೆ. ಜಿಎಸ್‌ಟಿ ನಂಬರ್ ಇಲ್ಲ, ಗಾಡಿ ನಂಬರ್ ಇಲ್ಲ. ರಿವೆಟ್ ಅಂದರೆ ಏನು ಅಂತ ನನ್ನನ್ನೇ ಕೇಳಿದರು. ಆದರೂ ಬಾಡಿ ತುಂಬಾ ಚೆನ್ನಾಗಿದೆ.

ಬಾಬಣ್ಣ: ಬಾಡಿ ಚೆನ್ನಾಗಿದ್ದರೆ ಬಿಡಬೇಡಿ. ಆದರೆ ಗೇರ್‌ಬಾಕ್ಸ್ ಇಲ್ಲದ ಕಾರಿನ ಬೆಲೆ ಕೊಡಿ. ಬಾಕ್ಸ್ ಇಳಿಸಬೇಕು, ಪೆಟ್ರೋಲ್ ಫೈನಲ್ ಡ್ರೈವ್ (ಡಿಫರೆನ್ಶಿಯಲ್ ತಿರುಗಿಸುವ ಕೊನೆಯ ಹಲ್ಲುಚಕ್ರದ ಜೋಡಿ) ಹುಡುಕಬೇಕು, ರಿವೆಟ್ ತೆಗೆದು ಬೋಲ್ಟ್, ಜೊತೆಗೆ ಕ್ಲಚ್ ಸೆಟ್. ಫ್ಲೈವೀಲ್ ಆಗಲೇ ಪರೀಕ್ಷಿಸಬೇಕು. ಅಲ್ಲಿಯವರೆಗೆ ಘಾಟಿ ಕಡೆ ಒಯ್ಯಬೇಡಿ. ಓನರ್ ಒಪ್ಪಿದರೆ ಕೊಳ್ಳುವ ಮೊದಲು ಗೇರ್ ಆಯಿಲ್ ಇಳಿಸಿ ನೋಡಿ. ಬೂದು ಪೇಸ್ಟ್ ಇದ್ದರೆ ಮಾಮೂಲಿ. ಹಿತ್ತಾಳೆ ಹೊಳಪು ಕಂಡರೆ ಸಿಂಕ್ರೊ. ಕಬ್ಬಿಣದ ತುಂಡು ಸಿಕ್ಕರೆ ಬಾಡಿ ಚೆಂದ ಮರೆತು ಬಸ್ ಹತ್ತಿ.

ರಾಘು, ಶಿವಮೊಗ್ಗ: ಅಣ್ಣ, ಹಾಗಾದರೆ ಎಷ್ಟಕ್ಕೆ ಕೇಳಬಹುದು?

ಬಾಬಣ್ಣ: ಕಾರು ನೋಡದೆ ಬೆಲೆ ಹೇಳುವುದಿಲ್ಲ.

ಸುನಿಲ್, ಕೋಲಾರ: ಒಂದು ಅಂದಾಜು ಬೆಲೆ?

ಬಾಬಣ್ಣ: ಮೇಲೆ ಓದಿ.

ಮಂಜು, ಹಾಸನ: ಅಣ್ಣ, ಲಾರಾ?